ಗಾಜಿನಾಚೆ ನಿಂತ ಭಾವ

ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಸೋಪ್ ಸಿಸ್ಟರ್. ಕೈ ತೊಳೆಯದೆ ರೋಗಿಯ ಹತ್ತಿರ ಬಂದವರು ದೊಡ್ಡ ಡಾಕ್ಟರೇ ಆಗಿರಲಿ, ತಡೆದು ನಲ್ಲಿಯ ಕಡೆ ಬೆರಳು ತೋರಿಸುತ್ತಿದ್ದಳು. ಬೆನ್ನ ಹಿಂದೆ ನಗುತ್ತಿದ್ದವರೂ ಎದುರಿಗೆ ತೆಪ್ಪಗೆ ತೊಳೆಯುತ್ತಿದ್ದರು. ಅವಳು ಮುಖ್ಯ ನರ್ಸ್ ಆದಮೇಲೆ ಆ ವಾರ್ಡಿನಲ್ಲಿ ಹೊಲಿಗೆ ಹಾಕಿದ ಗಾಯ ಕೀವಾಗುವುದು ಎಷ್ಟೋ ಕಡಿಮೆಯಾಗಿತ್ತು.

ಅಲ್ಲಿಗೇ ಅವಳ ಸ್ವಂತ ಅಕ್ಕ ಬಂದಳು. ಬೇರೆಲ್ಲೋ ಹೊಟ್ಟೆಯ ಆಪರೇಷನ್ ಆಗಿ, ಗಾಯಕ್ಕೆ ಸೋಂಕು ತಗುಲಿತ್ತು. ಯಾವ ಔಷಧಿಗೂ ಜಗ್ಗದ ಸೋಂಕು. ಉಳಿದವರಿಗೆ ಹರಡದಿರಲೆಂದು ಮೂಲೆಯ ಒಂಟಿ ಕೋಣೆಯಲ್ಲಿ ಮಲಗಿಸಿದರು. ಒಳಗೆ ಹೋಗುವವರು ಗೌನು, ಗ್ಲೌಸು ಹಾಕಿಕೊಳ್ಳಬೇಕು, ಹೊರಬರುವಾಗ ಬಿಚ್ಚಿ ಎಸೆದು ಕೈ ತೊಳೆಯಬೇಕು.

ಭಾವ ಬಸ್ ಕಂಡಕ್ಟರ್ ಆಗಿದ್ದವರು, ಮಾತಿನ ಮಲ್ಲ. "ಏನ್ ಯಜಮಾನ್ರೇ, ಟಿಕೆಟ್ ಎಲ್ಲಿಗೆ? ಮನೆಗೇ ತಾನೆ?" ಎಂದು ಹಾಸಿಗೆ ಹಾಸಿಗೆಗೂ ಹೋಗಿ ನಗಿಸುತ್ತಿದ್ದರು. ಒಂದು ಮಧ್ಯಾಹ್ನ ಅಕ್ಕನ ಕೋಣೆಯಿಂದ ಬಂದವರು ಅದೇ ಗ್ಲೌಸಿನಲ್ಲಿ ಮುದುಕರೊಬ್ಬರ ದಿಂಬು ಸರಿಮಾಡುತ್ತಿದ್ದರು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಭಾವ! ಬುದ್ಧಿ ಇದೆಯಾ ನಿಮಗೆ? ಅವರಿಗೂ ಅಂಟಿಸ್ತೀರಾ?"

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಭಾವ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. "ಗೊತ್ತಾಗ್ಲಿಲ್ಲಮ್ಮ. ಗ್ಲೌಸ್ ಇದೆಯಲ್ಲ, ಏನೂ ಆಗಲ್ಲ ಅಂದ್ಕೊಂಡೆ."

"ಇನ್ಮೇಲೆ ನೀವು ಒಳಗೆ ಹೋಗೋದೇ ಬೇಡ. ಕಿಟಕಿಯಿಂದ ನೋಡ್ಕೊಳ್ಳಿ."

ಮುದುಕರಿಗೆ ಏನೂ ಆಗಲಿಲ್ಲ, ಪುಣ್ಯ. ಭಾವ ದಿನವೂ ಬಂದು ಗಾಜಿನಾಚೆ ನಿಂತು, ಊಟ ಆಯ್ತಾ ಎಂದು ಕೈಸನ್ನೆಯಲ್ಲೇ ಕೇಳುತ್ತಿದ್ದರು. ಬೇರೆ ಹಾಸಿಗೆಗಳ ಕಡೆ ತಲೆಯೆತ್ತಿಯೂ ನೋಡುತ್ತಿರಲಿಲ್ಲ.

"ಒಂದ್ಸಲ ಅವರನ್ನ ಒಳಗೆ ಬಿಡೇ," ಎಂದಳು ಅಕ್ಕ.

"ಮೊದಲು ವಾಸಿಯಾಗು. ಆಮೇಲೆ ಬೇಜಾರಾಗೋವರೆಗೂ ಮುಖ ನೋಡ್ತಾ ಕೂತಿರು."

ಅಕ್ಕ ನಕ್ಕಳು. ಸೋಂಕು ರಕ್ತಕ್ಕೆ ಏರಿ, ಆ ವಾರವೇ ಒಂದು ಬೆಳಗ್ಗೆ ತೀರಿಕೊಂಡಳು.

ಸುದ್ದಿ ಕೇಳಿ ಓಡಿಬಂದ ಭಾವ ಬಾಗಿಲಲ್ಲೇ ನಿಂತರು. "ಈಗ ಒಳಗೆ ಹೋಗಬಹುದೇನಮ್ಮ?"

ಅವಳೇ ಗೌನು ತೊಡಿಸಿದಳು, ಗ್ಲೌಸು ಹಾಕಿದಳು. ಹೊರಗೆ ಬರುವಾಗ ಏನು ಮಾಡಬೇಕೆಂದು ಮೆತ್ತಗೆ ಹೇಳಿದಳು. ಅವರು ಅಕ್ಕನ ಕೈ ಹಿಡಿದು ಬಹಳ ಹೊತ್ತು ಕೂತರು. ಬರುವಾಗ ಹೇಳಿದಂತೆಯೇ ಬಿಚ್ಚಿ ಎಸೆದು, ಬೆರಳ ಸಂದುಗಳನ್ನೂ ಬಿಡದೆ ಕೈ ತೊಳೆದರು.

"ಇಷ್ಟೇನಾ?" ಎಂದು ಕೇಳಿದರು.

ಇಷ್ಟೇ ಆಗಿತ್ತು. ಸಿಟ್ಟು ಇಳಿದಮೇಲೆ ಒಂದು ಗಳಿಗೆ ಕೂರಿಸಿ ಹೇಳಿಕೊಟ್ಟಿದ್ದರೆ ಸಾಕಿತ್ತು. ನೆಂಟರೆಂದು ಸಡಿಲ ಬಿಟ್ಟಳು ಎಂದು ಯಾರೂ ಆಡಿಕೊಳ್ಳಬಾರದೆಂಬ ಹಟ ಬಾಯಿ ಕಟ್ಟಿಹಾಕಿತ್ತು.

ಈಗಲೂ ಅವಳು ಕೈ ತೊಳೆಯದವರನ್ನು ಒಳಗೆ ಬಿಡುವುದಿಲ್ಲ. ಆದರೆ ಯಾರನ್ನೂ ಕಿಟಕಿಯಾಚೆ ನಿಲ್ಲಿಸುವುದೂ ಇಲ್ಲ. ಬಂದವರಿಗೆಲ್ಲ ತಾನೇ ನಿಂತು ಕಲಿಸುತ್ತಾಳೆ. ವಯಸ್ಸಾದಂತೆ ಸಿಸ್ಟರ್ ಮೆತ್ತಗಾದರು ಎಂದು ಚಿಕ್ಕ ನರ್ಸುಗಳು ಅಂದುಕೊಳ್ಳುತ್ತಾರೆ. ರಜೆಯಲ್ಲಿ ಭಾವನ ಮನೆಗೆ ಹೋಗಿಬರುತ್ತಾಳೆ. ಅವರು ಊರ ಸುದ್ದಿಯೆಲ್ಲ ಮಾತಾಡುತ್ತಾರೆ. ಆಸ್ಪತ್ರೆಯ ಮಾತು ಮಾತ್ರ ಎತ್ತುವುದಿಲ್ಲ. ಒಂದು ಸಲ ಅವರು ತನ್ನನ್ನು ಬೈದಿದ್ದರೂ ಚೆನ್ನಾಗಿತ್ತು ಎಂದು ಅವಳಿಗೆ ಅನಿಸುತ್ತದೆ.