ಗಾಜಿನ ಲೋಟದ ಗುಳ್ಳೆಗಳು

ನಾನು ಕನ್ನಡ ಕಲಿಸುತ್ತಿದ್ದ ಆಳಂದ ಕಡೆಯ ಶಾಲೆಯಲ್ಲಿ ವಿಜ್ಞಾನದ ಸರ್ ಒಬ್ಬರಿದ್ದರು. ಅವರ ಸಮಸ್ತ ಪ್ರಯೋಗಾಲಯವೆಂದರೆ ಒಂದು ಗಾಜಿನ ಲೋಟ. ಅದಕ್ಕೆ ಕೊಡದಿಂದ ತಣ್ಣೀರು ತುಂಬಿ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು, ಕನ್ನಡಕವನ್ನು ಹಣೆಗೇರಿಸಿ, ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನಂತೆ ಕಾಯುತ್ತಿದ್ದರು. "ತಡೀರಿ, ಬರ್ತಾದ," ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಗಾಜಿನ ಒಳಮೈಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿ ಕೂಡುತ್ತಿದ್ದವು. ನೀರಿನಲ್ಲಿ ಕರಗಿದ್ದ ಗಾಳಿ ಕಣ್ಣಿಗೆ ಬಿತ್ತೆಂದು ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು.

ಶಾಲೆಗೆ ನಿಜವಾದ ಪ್ರಯೋಗಾಲಯ ಕೊಡಬೇಕೋ ಬೇಡವೋ ಎಂದು ನೋಡಲು ಅಧಿಕಾರಿಯೊಬ್ಬರು ಬಂದ ದಿನ ಮಾತ್ರ ಒಂದು ಗುಳ್ಳೆಯೂ ಏಳಲಿಲ್ಲ. ಸರ್ ಮೂರು ಸಲ "ತಡೀರಿ" ಎಂದರು, ಬೆವೆತರು. ಆಗ ಬಿಸಿಯೂಟ ಮಾಡುವ ಬೂಬಮ್ಮ ಬಾಗಿಲಲ್ಲಿ ಬಂದು ನಿಂತರು.

"ಸಾಹೇಬ್ರು ಬರ್ತಾರಂತ ನೀರು ಕುದಿಸಿ ಆರಿಸಿಟ್ಟಿದ್ದೆರಿ. ಲೋಟಕ್ಕೂ ಅದನ್ನೇ ಹಾಕೇನ್ರಿ. ತಪ್ಪಾತೇನ್ರಿ?"

ಸರ್ ಕುಣಿದೇಬಿಟ್ಟರು. "ಭೇಷ್ ಬೂಬಮ್ಮ! ಕುದಿಸಿದ್ರ ಗಾಳಿ ಹಾರಿ ಹೋಗ್ತಾದ, ಗುಳ್ಳಿ ಎಲ್ಲಿಂದ ಬರ್ಬೇಕು? ನೋಡ್ರಿ ಸಾಹೇಬ್ರ, ಇದು ಇನ್ನೂ ದೊಡ್ಡ ಪ್ರಯೋಗ ಆತು!"

ಸಾಹೇಬರಿಗೆ ಬಾಯಾರಿತ್ತು. ಲೋಟವೆತ್ತಿ ಪ್ರಯೋಗವನ್ನು ಪೂರ್ತಿ ಕುಡಿದರು. ತಪಾಸಣೆ ಪುಸ್ತಕದಲ್ಲಿ "ಕುಡಿಯುವ ನೀರಿನ ವ್ಯವಸ್ಥೆ ಉತ್ತಮ" ಎಂದು ಬರೆದು ಜೀಪು ಹತ್ತಿದರು. ಪ್ರಯೋಗಾಲಯದ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಸರ್ ಪುಸ್ತಕ ಹಿಡಿದು ಅಡುಗೆಮನೆಗೆ ಹೋಗಿ, ಆ ಸಾಲನ್ನು ಬೂಬಮ್ಮನಿಗೆ ಎರಡು ಸಲ ಓದಿ ಹೇಳಿದರು. ಅಷ್ಟು ಚೆಂದದ ವಾಚನವನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ.