ಬೆದರುಬೊಂಬೆಯ ಕೊನೆಯ ಅಧ್ಯಾಯ

ಮಹಾದೇವಮ್ಮ ಟೀಚರ್ ನಕ್ಕಿದ್ದನ್ನು ಮತ್ತೋಡಿನ ಕಡೆ ಯಾರೂ ಕಂಡವರಲ್ಲ. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡ. ತವರಿನವರು ಓದಿಸಿ ಕೆಲಸಕ್ಕೆ ಹಚ್ಚಿದರು. ಆಮೇಲೆ ಅವರ ಪಾಡಿಗೆ ಅವರು, ಇವಳ ಪಾಡಿಗೆ ಇವಳು. ಒಬ್ಬಳಿಗಾಗಿ ಮುದ್ದೆ ತಿರುವುವ ಬೇಸರ ತಿರುವಿದವರಿಗೇ ಗೊತ್ತು. ಸಂಜೆ ಶಾಲೆಗೆ ಬೀಗ ಹಾಕಿದರೆ ಮರುದಿನ ಹಾಜರಿ ಕೂಗುವ ತನಕ ಅವಳ ಬಾಯಿಂದ ಮಾತು ಹೊರಡುತ್ತಿರಲಿಲ್ಲ.

ಎಪ್ಪತ್ತರ ದಶಕದ ಒಂದು ವರ್ಷ ಶಾಲೆಗೆ ಬಂದ ಪುಸ್ತಕಗಳಲ್ಲಿ ಮಕ್ಕಳ ಕಾದಂಬರಿಯೊಂದಿತ್ತು. ಹಕ್ಕಿಗಳನ್ನು ಕಂಡರಾಗದ ಬೆದರುಬೊಂಬೆಯೊಂದು ರೆಕ್ಕೆ ಮುರಿದ ಗುಬ್ಬಿಯನ್ನು ತೋಳಿನ ಮೇಲೆ ಕೂರಿಸಿಕೊಂಡು ಪ್ರೀತಿಸಲು ಕಲಿಯುವ ಕಥೆ. ಕೊನೆಯ ಪೀರಿಯಡ್ಡಿನಲ್ಲಿ ದಿನಕ್ಕೊಂದು ಅಧ್ಯಾಯ ಗಟ್ಟಿಯಾಗಿ ಓದತೊಡಗಿದಳು. ಬೆತ್ತಕ್ಕೆ ಬಗ್ಗದ ಮಕ್ಕಳು ಕಥೆಗೆ ಬಗ್ಗಿದರು. ಕುರಿಯವರ ಹಟ್ಟಿಯ ನಿಂಗಕ್ಕನಂತೂ ರೆಪ್ಪೆ ಬಡಿಯದೆ ಕೇಳುತ್ತಿದ್ದಳು. ತನ್ನ ದನಿಗಾಗಿ ಯಾರೋ ಕಾಯುತ್ತಾರೆಂಬುದು ಮಹಾದೇವಮ್ಮನಿಗೆ ಹೊಸದು.

ಪುಟಗಳು ಮುಗಿಯುತ್ತ ಬಂದಂತೆ ಅವಳಿಗೆ ದಿಗಿಲಾಯಿತು. "ನಿನ್ನೇದು ಮರ್ತಿದೀರಿ, ಇನ್ನೊಂದ್ಸಲ ಕೇಳ್ರಿ" ಎಂದು ಗದರಿ ಓದಿದ್ದನ್ನೇ ಓದಿದಳು. ಯಾವ ಮಗುವೂ ಮರೆತಿರಲಿಲ್ಲ.

ದೀಪಾವಳಿ ಕಳೆಯಿತು. ಹಟ್ಟಿಯವರು ಕುರಿ ಹೊಡೆದುಕೊಂಡು ಮೇವಿರುವ ಸೀಮೆಗೆ ಹೊರಡುವ ಕಾಲ. ಶನಿವಾರಕ್ಕೆ ಉಳಿದಿದ್ದು ಕೊನೆಯ ಅಧ್ಯಾಯವೊಂದೇ.

"ಯಾವಾಗ ಹೊರಡೋದು ನಿಂಗಿ?"

"ಸೋಮಾರ, ಟೀಚರ್."

ಮಹಾದೇವಮ್ಮ ನಿರಾಳವಾದಳು. ಅವಳ ತವರಿನಲ್ಲಿ ಸೋಮವಾರ ಶಿವನ ದಿನ, ಎತ್ತಿನ ಹೆಗಲಿಗೆ ನೊಗ ಇಟ್ಟವರಿಲ್ಲ. ಅಂಥ ದಿನ ಊರು ಬಿಡುವವರುಂಟೇ? ಹುಡುಗಿ ಏನೋ ತಪ್ಪು ಹೇಳುತ್ತಿದೆ, ಇನ್ನೂ ದಿನವಿದೆ ಎಂದುಕೊಂಡು ಹಳೆಯ ಅಧ್ಯಾಯವನ್ನೇ ಮತ್ತೆ ಓದಿದಳು. ನಿಂಗಕ್ಕ ಅದನ್ನೂ ಹೊಸದೆಂಬಂತೆ ಕೇಳಿದಳು.

ಸೋಮವಾರ ನಿಂಗಕ್ಕನ ಜಾಗ ಖಾಲಿ. ಶಾಲೆ ಬಿಟ್ಟದ್ದೇ ಮಹಾದೇವಮ್ಮ ಪುಸ್ತಕ ಕಂಕುಳಿಗೆ ಸೇರಿಸಿ ಹಟ್ಟಿಗೆ ನಡೆದಳು. ಕುರಿರೊಪ್ಪ ಬರಿದಾಗಿತ್ತು. ಹುಡುಗಿಯ ಚಿಕ್ಕವ್ವ ಜುಂಜಮ್ಮ, ಬಾಣಂತಿಯಾದ್ದರಿಂದ, ಹಿಂದೆ ಉಳಿದಿದ್ದಳು.

"ಸೋಮವಾರ ಹೊರಟುಬಿಟ್ರಾ?"

"ಕುರಿಗೆ ಎಲ್ಲೈತೆ ಟೀಚರಮ್ಮ ಸೋಮಾರ? ಬೆಳ್ಳಿ ಮೂಡೋ ಹೊತ್ಗೇ ಹಿರಿಯೂರ ಕಡೆ ಹೊಡಕಂಡು ಹೋದ್ರು. ಕುಂತ್ಕಳ್ರಿ."

ಕೂತಳು. "ಕಥೆ ಕೊನೆ ಕೇಳಲೇ ಇಲ್ಲ ಅವಳು. ಒಂದು ಮಾತು ಕೇಳಿದ್ರೆ ಓದಿಬಿಡ್ತಿದ್ದೆ."

"ನಾನೂ ಅದೇ ಅಂದೆ, ಕೇಳಬಾರದಿತ್ತೇನೇ ಅಂತ. 'ಬ್ಯಾಡ ಚಿಕ್ಕವ್ವ, ಕತೆ ಮುಗುದ್ರೆ ನಮ್ ಟೀಚರು ಒಬ್ರೇ ಆಗ್ಬಿಡ್ತಾರೆ' ಅಂದ್ಲು ನೋಡ್ರಿ."

ಇಷ್ಟು ವರ್ಷ ಮಹಾದೇವಮ್ಮ ಯಾರ ಕಣ್ಣಿಗೂ ಬೀಳದ ಹಾಗೆ ಮುಚ್ಚಿಟ್ಟದ್ದು ಆ ಚೋಟುದ್ದದ ಹುಡುಗಿಗೆ ಕಂಡಿತ್ತು. ಬಾಣಂತಿಯೆದುರು ಅಳಬಾರದೆಂದು ಎದ್ದು ಬಂದವಳು ದಾರಿಯುದ್ದಕ್ಕೂ ಅತ್ತಳು.

ಮಂಗಳವಾರ ಏನನ್ನೂ ಹಿಂದಿಟ್ಟುಕೊಳ್ಳದೆ ಕೊನೆಯ ಅಧ್ಯಾಯ ಓದಿ ಮುಗಿಸಿದಳು. ಮಕ್ಕಳು ಹೋ ಎಂದು ಮನೆಗೆ ಓಡಿದರು. ಬೀಗ ಕೈಯಲ್ಲಿ ಹಿಡಿದಿದ್ದವಳು ಮತ್ತೆ ಒಳಗೆ ಬಂದಳು. ನಿಂಗಕ್ಕ ಕೂರುತ್ತಿದ್ದ ಜಾಗದೆದುರು ನಿಂತು ಅದೇ ಅಧ್ಯಾಯವನ್ನು ಇನ್ನೊಮ್ಮೆ ಓದಿದಳು, ಹಿರಿಯೂರಿನ ದಾರಿಯವರೆಗೂ ಕೇಳಲಿ ಎಂಬಷ್ಟು ಗಟ್ಟಿಯಾಗಿ.