ಮೂರನೇ ತರಗತಿಯ ಚೋಕು

ಕೆಟ್ಟ ಫ್ಯಾನನ್ನು ಬಿಚ್ಚದೆ, ಬರೀ ಕಿವಿಗೊಟ್ಟು ಅದರ ರೋಗ ಹೇಳುವ ಎಲೆಕ್ಟ್ರಿಶಿಯನ್ ಒಬ್ಬನಿದ್ದ. ಸುತ್ತಲಿನ ನಾಲ್ಕು ಬೀದಿಯವರು ಅವನನ್ನು ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಆ ಕಿವಿ ಅವನಿಗೆ ಅನ್ನ ಕೊಡುವುದಕ್ಕೆ ಮುಂಚೆ ಏಟು ತಿನ್ನಿಸಿತ್ತು. ಮೂರನೇ ತರಗತಿಯಲ್ಲಿ ತಲೆಯ ಮೇಲೆ ಟ್ಯೂಬ್‌ಲೈಟು ಗುಂಯ್‌ಗುಟ್ಟಿದರೆ ಅವನು ಕಿವಿ ಮುಚ್ಚಿಕೊಂಡು ಮೇಜಿನಡಿ ನುಸುಳುತ್ತಿದ್ದ. ಮೇಡಮ್ಮು, ಸದ್ದೂ ಇಲ್ಲ ಗದ್ದಲವೂ ಇಲ್ಲ, ಎಲ್ಲ ನಾಟಕ ಎಂದು ಹೊರಗೆಳೆದು ನಾಲ್ಕು ಬಿಗಿದು, ಸರಿಯಾಗಿ ಆ ದೀಪದ ಕೆಳಗೇ ನಿಲ್ಲಿಸುತ್ತಿದ್ದರು. ಆ ವರ್ಷವೇ ಅವನು ಶಾಲೆ ಬಿಟ್ಟ. ಮೂವತ್ತು ವರ್ಷವಾದರೂ ಸಿಟ್ಟು ಬೂದಿ ಮುಚ್ಚಿದ ಕೆಂಡವಾಗಿ ಒಳಗೇ ಇತ್ತು. ಹಳೆಯದನ್ನೆಲ್ಲ ಮರೆತುಬಿಡು ಎಂದು ಉಪದೇಶ ಮಾಡುವವರನ್ನು ಒಂದು ಗಂಟೆ ಆ ದೀಪದ ಕೆಳಗೆ ನಿಲ್ಲಿಸಿ ನೋಡಬೇಕು.

ಈಗ ಆ ಮೇಡಮ್ಮೇ ಅದೇ ಶಾಲೆಯ ಹೆಡ್‌ಮೇಡಮ್ಮು. ಅವನನ್ನು ಕೆಲಸಕ್ಕೆ ಕರೆದದ್ದು ಮಾತ್ರ ಮೂರನೇ ತರಗತಿಯ ಹೊಸ ಟೀಚರು. ದೀಪ ಹಾಕಿದರೆ ಒಬ್ಬ ಹುಡುಗಿ ಕಿವಿ ಮುಚ್ಚಿಕೊಂಡು ಅಳುತ್ತಾಳೆ, ಆರಿಸಿದರೆ ಎಲ್ಲರಿಗಿಂತ ಮೊದಲು ಲೆಕ್ಕ ಮುಗಿಸುತ್ತಾಳೆ ಎಂಬುದನ್ನು ಆಕೆ ಗಮನಿಸಿದ್ದರು. ಹುಡುಗಿಯನ್ನು ಕಿಟಕಿಯ ಪಕ್ಕ ಕೂರಿಸಿ, ಕಿವಿಗೆ ಉಣ್ಣೆಯ ಪಟ್ಟಿ ಕಟ್ಟಿದ್ದರು. ಹೆಡ್‌ಮೇಡಮ್ಮು ಬಂದು ಪಟ್ಟಿ ಬಿಚ್ಚಿಸಿದರಂತೆ. ಶುಕ್ರವಾರದ ಪರೀಕ್ಷೆ ಸರಿಯಾಗಿ ಬರೆಯದಿದ್ದರೆ ಬೇರೆ ಶಾಲೆ ನೋಡಿಕೊಳ್ಳಲಿ ಎಂದರಂತೆ.

ಏಣಿ ಹತ್ತುವ ಮೊದಲೇ ಕಿವಿಯಣ್ಣನಿಗೆ ಗೊತ್ತಾಯಿತು, ಗುಂಯ್‌ಗುಟ್ಟುವ ಕಾಟವೆಲ್ಲ ಟ್ಯೂಬಿನ ಪಟ್ಟಿಯೊಳಗಿನ ಹಳೇ ಚೋಕಿನದು. ಹೊಸದನ್ನು ಹಾಕಿದ. ಹಳೆಯದನ್ನು ಗುಜರಿಗೆ ಎಸೆಯಬೇಕಿತ್ತು, ಎಸೆಯಲಿಲ್ಲ. ಹೆಡ್‌ಮೇಡಮ್ಮು ಊಟಕ್ಕೆ ಹೋದಾಗ, ಅವರ ಕೋಣೆಯ ದೀಪವನ್ನೂ ನೋಡಬೇಕು ಎಂದು ಜವಾನನಿಗೆ ಹೇಳಿ, ಕಿಟಕಿಯಿಲ್ಲದ ಆ ಕೋಣೆಯಲ್ಲಿ ಅವರ ಕುರ್ಚಿಯ ನೇರ ಮೇಲೆ ಅದನ್ನು ಕೂರಿಸಿಬಿಟ್ಟ.

ಅಂದು ಮನೆಯಲ್ಲಿ ಎರಡೆರಡು ಸಲ ಬಡಿಸಿಕೊಂಡು ಉಂಡ. ಮಂಗಳವಾರ ತಲೆನೋವು, ಬುಧವಾರ ಗುಳಿಗೆ, ಗುರುವಾರ ಜವಾನನ ಮೇಲೆ ಕೂಗಾಟ ಎಂದು ಮನಸ್ಸಿನಲ್ಲೇ ಮಂಡಿಗೆ ಮೆದ್ದ. ಕೊನೆಗೆ ತನ್ನನ್ನೇ ಕರೆಸುತ್ತಾರೆ, ಆಗ ಸದ್ದೂ ಇಲ್ಲ ಗದ್ದಲವೂ ಇಲ್ಲ ಎಂದು ಅವರ ಮಾತನ್ನೇ ಅವರ ಮುಖಕ್ಕೆ ಹೊಡೆಯಬೇಕು. ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದ.

ಕರೆ ಬರಲಿಲ್ಲ. ಗುರುವಾರ ತಡೆಯಲಾರದೆ ಜವಾನನಿಗೆ ಫೋನ್ ಮಾಡಿದರೆ, ಹೆಡ್‌ಮೇಡಮ್ಮು ಆರಾಮಾಗಿದ್ದಾರೆ, ಕೂತಲ್ಲೇ ಸಣ್ಣ ನಿದ್ದೆಯನ್ನೂ ತೆಗೆಯುತ್ತಾರೆ ಎಂದ. ಕಿವಿಯಣ್ಣನ ಮೈಯೆಲ್ಲ ಉರಿಯಿತು. ಆ ಹೆಂಗಸಿಗೆ ಅಂದೂ ಕೇಳಿಸಿರಲಿಲ್ಲ, ಇಂದೂ ಕೇಳಿಸುತ್ತಿಲ್ಲ. ಸದ್ದಿಲ್ಲ ಎಂದಾಗ ಅವಳು ಸುಳ್ಳು ಹೇಳಿರಲೇ ಇಲ್ಲ. ಇದರಿಂದ ಅವನ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಏರಿತು. ತನಗೆ ಕೇಳದ್ದು ಲೋಕದಲ್ಲೇ ಇಲ್ಲ ಎಂದುಕೊಳ್ಳಲು ಎಷ್ಟು ಸೊಕ್ಕಿರಬೇಕು!

ಶುಕ್ರವಾರ ಬೆಳಿಗ್ಗೆ ಟೀಚರ ಫೋನ್ ಬಂತು. ತರಗತಿಯಲ್ಲಿ ಮೂರು ದಿನ ಹುಡುಗಿ ನಗುನಗುತ್ತಾ ಇದ್ದಳಂತೆ. ಆದರೂ ನಂಬದ ಹೆಡ್‌ಮೇಡಮ್ಮು, ಪರೀಕ್ಷೆಯನ್ನು ತಮ್ಮ ಕಣ್ಣೆದುರೇ ಬರೆಯಲಿ ಎಂದು ಅವಳನ್ನು ತಮ್ಮ ಕೋಣೆಗೆ ಕರೆದೊಯ್ದಿದ್ದಾರೆ, ಅಲ್ಲಿ ಹುಡುಗಿ ಒಂದೇ ಸಮನೆ ಅಳುತ್ತಿದ್ದಾಳೆ. ಕಿವಿಯಣ್ಣ ಚಪ್ಪಲಿಯನ್ನೂ ಮೆಟ್ಟದೆ ಓಡಿದ.

ಹೆಡ್‌ಮೇಡಮ್ಮು ಕಾಗದಗಳಿಗೆ ಸಹಿ ಹಾಕುತ್ತಿದ್ದರು. ಹುಡುಗಿ ಮೇಜಿನಡಿ ಕಿವಿ ಮುಚ್ಚಿಕೊಂಡು ಮುದುಡಿದ್ದಳು. ಪಕ್ಕದಲ್ಲಿ ಬಿದ್ದಿದ್ದ ಉತ್ತರದ ಹಾಳೆಯಲ್ಲಿ ಒಂದಕ್ಷರವೂ ಇರಲಿಲ್ಲ. ಅವನು ದೀಪದ ಸ್ವಿಚ್ಚು ಆರಿಸಿದ. ಹುಡುಗಿಯ ಅಳು ನಿಂತಿತು, ಕೈಗಳು ಮೆಲ್ಲಗೆ ಕೆಳಗಿಳಿದವು.

ಹೆಡ್‌ಮೇಡಮ್ಮು ಅವಳನ್ನು ನೋಡಿದರು, ದೀಪವನ್ನು ನೋಡಿದರು, ಅವನನ್ನು ತುಂಬ ಹೊತ್ತು ನೋಡಿದರು. ಮುಖ ಬಿಳಿಚಿಕೊಂಡಿತು.

"ನೀನು ಮೂರನೇ ಕ್ಲಾಸಲ್ಲಿ ದೀಪದ ಕೆಳಗೆ ನಿಲ್ತಿದ್ದ ಹುಡುಗ ಅಲ್ವಾ? ನಿಂಗೂ ಹಿಂಗೇ ಆಗ್ತಿತ್ತಾ?"

ಮೂವತ್ತು ವರ್ಷ ಅವನು ಕಾದಿದ್ದು ಈ ಮುಖವನ್ನು ನೋಡುವುದಕ್ಕೇ.

"ಹೌದು. ಈ ಚೋಕನ್ನ ನಾನೇ ಬೇಕಂತ ಇಲ್ಲಿ ಹಾಕಿದ್ದು. ನಿಮಗೆ ತಟ್ಟಲಿ ಅಂತ."

ಹುಡುಗಿಗೆ ಅದೂ ಕೇಳಿಸಿತು. ಮೇಜಿನಡಿಯಿಂದ ಹೊರಬಂದು ಅವನನ್ನೇ ನೋಡಿದಳು. ಆಮೇಲೆ ಹಿಂದೆ ಹಿಂದೆ ಸರಿದು, ಹೆಡ್‌ಮೇಡಮ್ಮಿನ ಬೆನ್ನ ಹಿಂದೆ ಅಡಗಿ ಅವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹೆಡ್‌ಮೇಡಮ್ಮು ಹೊಸ ಹಾಳೆ ತೆಗೆದು ಬಾಗಿಲ ಬೆಳಕಿಗೆ ಮೇಜನ್ನು ಎಳೆದರು.

"ಅವಳು ಬರೆದು ಮುಗಿಸೋವರೆಗೂ ನೀನು ಆಚೆ ಇರಪ್ಪ. ನಿನ್ನ ಕಂಡ್ರೆ ಹೆದರ್ತಿದ್ದಾಳೆ."

ಅವನು ಆಚೆ ಹೋಗಿ ನಿಂತ.